ಅತ್ತಿಗೆ ಕೂರದ ಕಾರು

ಶಹಾಪುರ ತಾಲೂಕಿನಲ್ಲಿ ನನ್ನ ಅಣ್ಣನಷ್ಟು ದೊಡ್ಡ ಮೂರ್ಖ ಇನ್ನೊಬ್ಬನಿದ್ದರೆ ತೋರಿಸಿ, ನನ್ನ ಗ್ಯಾರೇಜಿನ ಕೀಲಿಕೈ ಅವನ ಕೈಗಿಟ್ಟು ಹೋಗುತ್ತೇನೆ. ಹದಿನಾಲ್ಕು ವರ್ಷ ಅವನು ದೋರನಹಳ್ಳಿಯ ಸಾಹುಕಾರರೊಬ್ಬರ ಜರ್ಮನ್ ಕಾರು ಓಡಿಸಿದ. ಸಾಹುಕಾರರು ಊರಲ್ಲಿ ಇರುತ್ತಿದ್ದುದೇ ಕಡಿಮೆ. ಹಾಗಾಗಿ ಆ ಉದ್ದನೆಯ ಬಿಳಿ ಕಾರು ಅಣ್ಣನ ಮನೆಯ ಮುಂದೆಯೇ ತಗಡಿನ ನೆರಳಿನಲ್ಲಿ ನಿಲ್ಲುತ್ತಿತ್ತು. ಅದರ ಮೇಲೆ ಕಾಗೆ ಕೂತರೂ ಅವನಿಗೆ ಮೈ ಉರಿಯುತ್ತಿತ್ತು. ಅತ್ತಿಗೆ ಅಪ್ಪಿತಪ್ಪಿ ಬಾಗಿಲಿಗೆ ಕೈ ಹಚ್ಚಿದರೆ ಬಟ್ಟೆ ತಂದು ಅವಳೆದುರೇ ಬೆರಳಿನ ಗುರುತು ಒರೆಸುತ್ತಿದ್ದ.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ನನ್ನ ಹೆಂಡತಿಗೆ ಹೆರಿಗೆ ನೋವು ಶುರುವಾಯಿತು. ಅಣ್ಣನ ಹತ್ತಿರ ಓಡಿದೆ. ಕಾರು ತೊಳೆದು ಮಿರಮಿರ ಮಿಂಚುತ್ತಿತ್ತು.

“ಸಾಹುಕಾರ್ರ ಗಾಡಿ ಅದ ತಮ್ಮಾ. ಸೀಟಿಗಿ ಏನರ ಹತ್ತಿದ್ರ ನಾ ಏನ್ ಜವಾಬ್ ಕೊಡ್ಲಿ?” ಅಂದ.

ಅತ್ತಿಗೆ ಹೋಗಿ ಆಟೋ ತಂದಳು. ನನ್ನ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಶಹಾಪುರದ ಆಸ್ಪತ್ರೆ ಇನ್ನೂ ದೂರವಿರುವಾಗಲೇ ಆ ಆಟೋದಲ್ಲಿ ಹೆರಿಗೆಯಾಯಿತು. ತಾಯಿ, ಮಗಳು ಇಬ್ಬರೂ ಉಳಿದರು. ನನ್ನ ಸಿಟ್ಟೂ ಉಳಿಯಿತು.

ಹೋದ ವರ್ಷ ಸಾಹುಕಾರರು ಹೊಸ ಕಾರು ತಗೊಂಡು ಹಳೆಯದನ್ನು ಅಣ್ಣನ ಹೆಸರಿಗೆ ಬರೆದುಕೊಟ್ಟರು. ಇನ್ನಾದರೂ ಹೆಂಡತಿಯನ್ನು ಕೂಡಿಸಿಕೊಂಡಾನು ಎಂದುಕೊಂಡರೆ ಅದಕ್ಕೂ ಒಂದು ಕಾನೂನು ತೆಗೆದ. “ಬರೇ ಹೆಸರ ಬಂದ್ರ ಆಗಂಗಿಲ್ಲ. ಹದಿನೈದು ವರ್ಷದ ತಪಾಸಣಿ ಬರ್ತದ. ಪಾಸಾಗ್ಲಿ, ಅವತ್ತ ಹಿಂದಿನ ಸೀಟಿನ್ಯಾಗ ಕೂಡಿಸ್ಕೊಂಡು ಸೀದಾ ಸುರಪುರಕ್ಕ, ನಿಮ್ಮ ತವರಮನಿ ಬಾಗಿಲಿಗೇ ಹೋಗಿ ನಿಲ್ಲಿಸ್ತೀನಿ.” ಅತ್ತಿಗೆ ಒಂದು ವರ್ಷ ಆ ಮಾತು ಹಿಡಿದುಕೊಂಡು ಕೂತಳು. ನಮ್ಮ ಮನೆಗೆ ಬಂದಾಗಲೆಲ್ಲ ಅದೇ ಸುದ್ದಿ. ಯಾವ ಸೀರೆ ಉಡಲಿ, ತವರಿನವರು ಹೊರಗೆ ಬಂದು ನೋಡುವಾಗ ಕಿಟಕಿ ಗಾಜು ಇಳಿಸಬೇಕೋ ಬೇಡವೋ!

ಅಣ್ಣನ ಇನ್ನೊಂದು ಹುಚ್ಚು ಅಮಾವಾಸ್ಯೆ ಪೂಜೆ. ನಮ್ಮ ಕಡೆ ಗಾಡಿ ಇದ್ದವರೆಲ್ಲ ಅಮಾವಾಸ್ಯೆಗೆ ಚಕ್ರದ ಮುಂದೆ ಕಾಯಿ ಒಡೆದು ಸುಮ್ಮನಾಗುತ್ತಾರೆ. ಇವನು ಬಾನೆಟ್ ಎತ್ತುತ್ತಿದ್ದ. ಎಂಜಿನ್ನಿನ ಹಿಂದೆ ಕಬ್ಬಿಣದ ಪಟ್ಟಿಯ ಮೇಲೆ ಚಾಸಿ ನಂಬರು ಕೊರೆದಿರುತ್ತದಲ್ಲ, ಅದೇ ಗಾಡಿಯ ಹಣೆಬರಹ, ಪೂಜೆ ಅದಕ್ಕೇ ಸಲ್ಲಬೇಕು ಎಂದು ಅವನ ತಲೆಯಲ್ಲಿ ಯಾರು ತುಂಬಿದ್ದರೋ. ಕಾಯಿನೀರು ಸುರಿದು, ನಿಂಬೆಹಣ್ಣು ಹಿಂಡಿ, ಮೇಲೆ ಕುಂಕುಮ ಮೆತ್ತುತ್ತಿದ್ದ. ಒಂದು ಅಮಾವಾಸ್ಯೆಯೂ ತಪ್ಪಿಸಿದವನಲ್ಲ.

ಹೆಸರು ಬದಲಿಸುವಾಗ ಆ ನಂಬರಿನ ಮೇಲೆ ಕಾಗದವಿಟ್ಟು, ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದವನು ನಾನೇ. ಕುಂಕುಮ ಕೆರೆದೆ, ಕೆಳಗೆ ತುಕ್ಕು. ಅಂಕಿಗಳು ಹೇಗೋ ತಿಣುಕಾಡಿ ಮೂಡಿದವು. ಇನ್ನು ಹತ್ತು ಹನ್ನೆರಡು ಅಮಾವಾಸ್ಯೆ ಕಳೆದರೆ ಒಂದೂ ಉಳಿಯುವುದಿಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು. ಆ ಅಚ್ಚು ಬಾರದೆ ತಪಾಸಣೆ ಪಾಸಾಗುವುದಿಲ್ಲ ಎಂಬುದೂ ಗೊತ್ತಿತ್ತು. ತುಕ್ಕು ಒರೆಸಿ, ಒಂದು ಬೆರಳು ಗ್ರೀಸ್ ಸವರಿ, “ನಿಂಬೆಹಣ್ಣು ಬಿಡು” ಎಂದಿದ್ದರೆ ಸಾಕಿತ್ತು. ಗ್ರೀಸ್ ಡಬ್ಬಿ ಕಾಲ ಹತ್ತಿರವೇ ಇತ್ತು. ನಾನು ಬಾನೆಟ್ ಮುಚ್ಚಿದೆ. ಮುಚ್ಚುವಾಗ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ತಪಾಸಣೆಯ ದಿನ ಅಣ್ಣ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಯಾದಗಿರಿಯ ಆರ್‌ಟಿಓ ಮೈದಾನಕ್ಕೆ ಹೊರಟ. ಅತ್ತಿಗೆ ಹಸಿರು ಇಳಕಲ್ ಸೀರೆಯುಟ್ಟು ನಮ್ಮ ಹಿಂದೆ ಬಸ್ಸಿನಲ್ಲಿ ಬಂದಳು. ಪಾಸಾಗುವ ಮೊದಲು ಕೂಡುವಂತಿರಲಿಲ್ಲವಲ್ಲ! ಮೈದಾನದ ಆಚೆ ಚಹಾದ ಅಂಗಡಿ ಮುಂದೆ ಕೈಚೀಲ ಹಿಡಿದು ನಿಂತಳು.

ಇನ್ಸ್‌ಪೆಕ್ಟರ್ ಬ್ರೇಕು ನೋಡಿದರು, ದೀಪ ನೋಡಿದರು, ಹೊಗೆ ಅಳೆದರು. “ಹಳಿ ಗಾಡಿ ಹಿಂಗ ಇಟ್ಟವ್ರನ್ನ ನಾ ನೋಡೇ ಇಲ್ಲ ಬಿಡ್ರಿ,” ಅಂದರು. ಅಣ್ಣ ಅತ್ತಿಗೆಯ ಕಡೆ ತಿರುಗಿ ಕೈ ಎತ್ತಿದ. ಅವಳು ಸೀರೆಯ ಅಂಚಿನ ಧೂಳು ಕೊಡವಿಕೊಂಡಳು.

“ಬಾನೆಟ್ ತೆಗೀರಿ, ನಂಬರಿನ ಅಚ್ಚು ತಗೋತೀನಿ.”

ಪೆನ್ಸಿಲ್ ಉಜ್ಜಿದರು. ಕಾಗದ ಕಪ್ಪಾಯಿತು, ಅಷ್ಟೇ.

“ಇಲ್ಲಿ ಏನೂ ಇಲ್ಲಲ್ರಿ.”

“ಅದ ರೀ, ಇಲ್ಲೇ ಅದ. ತಿಂಗಳಾ ಪೂಜಿ ಮಾಡ್ತೀನ್ರಿ ನಾ.”

“ಯಾವುದಕ್ಕ ಮಾಡ್ತಿದ್ರಿ ಮತ್ತ? ಕಳವಿನ ಗಾಡಿ ನಂಬರ್ ಹಿಂಗೇ ತಿಕ್ಕಿರ್ತಾರ. ಇದು ನಿಮ್ದೇ ಅಂತ ನಾ ಹೆಂಗ ನಂಬ್ಲಿ?”

ಅಣ್ಣ ಉಗುಳು ಹಚ್ಚಿ, ಇಸ್ತ್ರಿ ಮಾಡಿದ ಅಂಗಿಯ ತುದಿಯಿಂದ ತಿಕ್ಕಿದ. ತಿಕ್ಕಿದಷ್ಟೂ ತುಕ್ಕಿನ ಪುಡಿ ಉದುರಿತು. ಹೊಸದಾಗಿ ನಂಬರು ಕೊರೆಸಬೇಕಾದರೆ ಕಂಪನಿಯ ಪತ್ರ ಬೇಕು, ಮೊದಲ ಮಾಲಕರು ಬಂದು ಹೇಳಿಕೆ ಕೊಡಬೇಕು ಅಂದರು ಇನ್ಸ್‌ಪೆಕ್ಟರ್. ಸಾಹುಕಾರರು ಆ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಅವರ ಮಗನಿಗೆ ಫೋನ್ ಹಚ್ಚಿದರೆ, “ಗುಜರಿಗಿ ಹಾಕ್ಬಿಡು ಅದನ್ನ,” ಎಂದು ನಕ್ಕು ಇಟ್ಟುಬಿಟ್ಟ.

ಅತ್ತಿಗೆ ಹತ್ತಿರ ಬಂದಳು. ಅಣ್ಣ ಅವಳ ಮುಖ ನೋಡದೆ, “ಫೇಲಾದ ಗಾಡ್ಯಾಗ ನಿನ್ನ ಹೆಂಗ ಕೂಡಿಸ್ಕೊಳ್ಳಲಿ? ದೇವರು ಪರೀಕ್ಷಾ ಮಾಡಾಕತ್ಯಾನ, ನೀ ಬಸ್ಸಿಗಿ ಹೋಗು,” ಅಂದ. ಒಬ್ಬನೇ ಕಾರು ತೆಗೆದುಕೊಂಡು ಹೋದ.

ಅತ್ತಿಗೆಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಆಟೋ ಹಿಡಿದೆ. ತವರಿನವರು ಕಾಯುತ್ತಿದ್ದರು, ಸುರಪುರಕ್ಕೆ ಹೋಗಲೇಬೇಕಿತ್ತು. ಅರ್ಧ ದಾರಿಯಲ್ಲಿ ಕೇಳಿದಳು:

“ಹ್ವಾದ ವರ್ಷ ಅಚ್ಚು ತೆಗೆದಾಂವ ನೀನಾ ಅಲ್ಲ? ಆಗ ತುಕ್ಕು ಕಂಡಿತ್ತೇನು ನಿನಗ?”

“ಕಂಡಿತ್ತು.”

“ಒಂದ್ ಮಾತು ಹೇಳಬಾರದಿತ್ತೇನೋ?”

“ಅವತ್ತ ನನ್ನ ಹೆಂಡ್ತಿನ ಹತ್ತಿಸ್ಕೊಂಡಿದ್ನೇನು ಅಂವ?”

ಅವಳು ಮಡಿಲಲ್ಲಿದ್ದ ಕೈಚೀಲವನ್ನೇ ನೋಡುತ್ತ ಕೂತಳು. “ಅಕಿ ತಲಿ ನನ್ನ ತೊಡಿ ಮ್ಯಾಲ ಇತ್ತು,” ಅಂದಳು.

ಇಳಿಯುವಾಗ ಇಷ್ಟೇ ಹೇಳಿದಳು: “ಅವರಿಗಿ ಹೇಳಬ್ಯಾಡ. ದೇವರು ಮಾಡ್ಯಾನ ಅಂತ ತಿಳಕೊಂಡಾರ, ಹಂಗೇ ಇರ್ಲಿ.”

ಸುರಪುರದ ಬಸ್ಸು ತುಂಬಿ ಬಂತು. ಹಸಿರು ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು ಹತ್ತಿದಳು. ಸೀಟು ಸಿಗಲಿಲ್ಲ, ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತುಕೊಂಡೇ ಹೋದಳು.