ದಾಕ್ಷಾಯಣಮ್ಮನ ಕೊಂಕು ಮಾತಿಗೆ ಎದುರು ಹಾಡು

ಕೊಟ್ಟೂರಿನ ದಾಕ್ಷಾಯಣಮ್ಮ ಒಂದು ಮದುವೆಗೆ ಬರುತ್ತಾಳೆಂದು ತಿಳಿದರೆ ಸಾಕು, ಎರಡೂ ಕಡೆಯ ಬೀಗರು ಒಂದೇ ಮಾತು ವಿಚಾರಿಸುತ್ತಿದ್ದರು: “ಆಕಿ ಯಾರ ಕಡಿಗೆ ಕುಂದರ್ತಾಳಂತ?” ತಮ್ಮ ಕಡೆಗೆಂದು ಗೊತ್ತಾದವರು ಮೀಸೆ ತಿರುವುತ್ತಿದ್ದರು. ಎದುರು ಕಡೆಯವರು ಗಂಟಲಿರುವ ಹೆಂಗಸರನ್ನು ಹುಡುಕಿಕೊಂಡು ಊರೂರಿಗೆ ಫೋನು ಹಚ್ಚುತ್ತಿದ್ದರು.

ಅದಕ್ಕೆ ಕಾರಣ ಭೂಮದ ಹಾಡು. ತಾಳಿ ಕಟ್ಟಿದ ಮೇಲೆ ಪರಾತವೆಂಬ ದೊಡ್ಡ ಅಗಲ ತಟ್ಟೆಯಲ್ಲಿ ಹೋಳಿಗೆ, ಅನ್ನ, ಹಪ್ಪಳ, ಸಂಡಿಗೆ ಒಟ್ಟಿ, ಮದುಮಕ್ಕಳೂ ಎರಡೂ ಮನೆಯ ಹತ್ತಿರದವರೂ ಸುತ್ತ ಕುಳಿತು ಅದರಲ್ಲೇ ಉಣ್ಣುವುದಕ್ಕೆ ಭೂಮ ಎನ್ನುತ್ತಾರೆ. ಉಣ್ಣುವ ಮೊದಲು ಎರಡೂ ಕಡೆಯ ಹೆಂಗಸರು ಎದುರುಬದುರು ಕುಳಿತು ಹಾಡಿನಲ್ಲೇ ಬೀಗರನ್ನು ಆಡಿಕೊಳ್ಳಬೇಕು. ಒಬ್ಬರು ಎರಡು ಸಾಲು ಹಾಡಿ ಚುಚ್ಚಿದರೆ, ಹಿಂದೆ ಕುಳಿತವರು ‘ಸೋಬಾನೆ’ ಎಂದು ಮೂರು ಸಲ ಸೊಲ್ಲು ಎಳೆಯುತ್ತಾರೆ. ಮೂರನೆಯ ಸೊಲ್ಲು ಮುಗಿಯುವುದರೊಳಗೆ ಎದುರಿನವರು ಉತ್ತರ ಕಟ್ಟಿ ಹಾಡಬೇಕು. ಕಟ್ಟದಿದ್ದರೆ ಸೋತಂತೆ. ಮೂವತ್ತು ವರ್ಷಗಳಲ್ಲಿ ದಾಕ್ಷಾಯಣಮ್ಮ ಒಮ್ಮೆಯೂ ಸೋತವಳಲ್ಲ.

ಆಕೆಯ ತವರು ಹಡಗಲಿ ತಾಲೂಕಿನ ಮಾಗಳ. ಹೊಳೆದಂಡೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತ ಒಗೆಯುತ್ತ ಅವ್ವಂದಿರಿಂದ ಕಲಿತ ವಿದ್ಯೆ ಅದು. ಆದರೆ ಆ ನಾಲಿಗೆ ಮದುವೆಯ ಚಪ್ಪರದಲ್ಲೇ ಉಳಿಯದೆ ಆಕೆಯ ಜೊತೆಗೇ ಮನೆಗೂ ಬರುತ್ತಿತ್ತು. ಗಂಡ ಕರಿಸಿದ್ದಪ್ಪ ಮಂಡಕ್ಕಿ ಭಟ್ಟಿಯಿಂದ ಊಟಕ್ಕೆ ಸ್ವಲ್ಪ ತಡವಾಗಿ ಬಂದರೆ, “ಬರ್ರಿ ಬರ್ರಿ, ಮನಿ ಗುರುತು ಸಿಕ್ತಾ? ಯಾರನ್ನರ ಕೇಳ್ಕೋತ ಬಂದ್ರೇನು?” ಎನ್ನುವಳು. ಕರಿಸಿದ್ದಪ್ಪ ನಕ್ಕು ಕೈ ತೊಳೆದುಕೊಳ್ಳುತ್ತಿದ್ದ. ಅವನ ಕಿವಿ ಅಷ್ಟರಮಟ್ಟಿಗೆ ಪಳಗಿತ್ತು.

ಸೊಸೆ ಪುಷ್ಪಲತಾಳ ಕಿವಿ ಪಳಗಲಿಲ್ಲ. ಹರಪನಹಳ್ಳಿ ತಾಲೂಕಿನ ಬಾಗಳಿಯಿಂದ ಎರಡು ವರ್ಷದ ಹಿಂದೆ ನಗುನಗುತ್ತ ಬಂದ ಹುಡುಗಿ, ಈಗ ದಿನವಿಡೀ ಹತ್ತು ಮಾತು ಆಡಿದರೆ ಹೆಚ್ಚು. ಬೈದಿದ್ದರೆ ಅವಳು ತಿರುಗಿ ಮಾತಾಡಬಹುದಿತ್ತು. ಇಲ್ಲವೇ ಅತ್ತು ಹಗುರಾಗಬಹುದಿತ್ತು. ಕೊಂಕು ಮಾತಿನಲ್ಲಿ ಆ ಅನುಕೂಲವಿಲ್ಲ. ಮುಖ ಸಣ್ಣದು ಮಾಡಿಕೊಂಡರೆ ಅತ್ತೆಯೇ, “ಅಯ್ಯ, ತಮಾಷಿಗೆ ಅಂದ್ನೆವ್ವ! ಅಷ್ಟಕ್ಕ ಮಾರಿ ಊದಿಸ್ಕೊಂಡೆಲ್ಲ!” ಎಂದುಬಿಡುವಳು. ಚುಚ್ಚಿದವರು ನಕ್ಕು ಎದ್ದು ಹೋಗುವುದು, ಚುಚ್ಚಿಸಿಕೊಂಡವರು ತಾವೇ ತಪ್ಪು ಮಾಡಿದವರಂತೆ ತಲೆ ತಗ್ಗಿಸುವುದು ಆ ಮನೆಯ ದಿನಚರಿಯಾಗಿತ್ತು.

ಹೀಗಿರುವಾಗ ದಾಕ್ಷಾಯಣಮ್ಮನ ತಂಗಿಯ ಮಗಳು ಗಂಗಾಂಬಿಕಾಳ ಮದುವೆ ಕೂಡಿಬಂತು. ಗಂಡು ಬೇರೆ ಯಾರೂ ಅಲ್ಲ, ಪುಷ್ಪಲತಾಳ ದೊಡ್ಡಪ್ಪನ ಮಗ ಪ್ರವೀಣಕುಮಾರ್. ಮದುವೆ ಕೊಟ್ಟೂರಿನಲ್ಲೇ. ಅಂದು ಬೆಳಿಗ್ಗೆ ಕಲ್ಯಾಣ ಮಂಟಪದ ಅಂಗಳದಲ್ಲಿ ದಾಕ್ಷಾಯಣಮ್ಮನಿಗೆ ಕಾಲು ನಿಲ್ಲದು. ಮನಸ್ಸಿನಲ್ಲಿ ಹಾಡು ಕಟ್ಟುತ್ತ, ಎದುರಿಗೆ ಸಿಕ್ಕವರಿಗೆ ಒಂದೊಂದು ಚುರುಕು ಮುಟ್ಟಿಸುತ್ತ ಓಡಾಡುತ್ತಿದ್ದಳು. ಮಗ ಗವಿಸಿದ್ದೇಶ ಅವಳನ್ನು ಕಂಬದ ಮರೆಗೆ ಕರೆದ.

“ಅವ್ವಾ, ಲತಾ ಬ್ಯಾಗು ತುಂಬ್ಕೊಂಡಾಳ. ಮದುವಿ ಮುಗಿಸಿ ತವರಮನಿಯವ್ರ ಗಾಡ್ಯಾಗ ಬಾಗಳಿಗೆ ಹೊಂಟಾಳ.”

“ಹೋಗ್ಲಿ. ನಾಕು ದಿನ ಇದ್ದು ಬರ್ಲಿ.”

“ಯಾವಾಗ ಬರ್ತಿ ಅಂತ ಕೇಳ್ದೆ. ಸುಮ್ನ ನನ್ನ ಮಾರಿ ನೋಡಿದ್ಲು. ತವರಿಂದ ತಂದಿದ್ದ ಸೀರಿ ಎಲ್ಲಾ ಬ್ಯಾಗಿನ್ಯಾಗ ಇಟ್ಟಾಳವ್ವ. ನನಗ್ಯಾಕೋ ಆಕಿ ತಿರುಗಿ ಬರ್ತಾಳ ಅನಿಸವಲ್ದು.”

ದಾಕ್ಷಾಯಣಮ್ಮನ ಎದೆ ಧಸಕ್ಕೆಂದಿತು. ಎದೆಗಿಂತ ಮೊದಲು ನಾಲಿಗೆ ಓಡುವುದು ಆಕೆಯ ಜಾಯಮಾನ. “ಪಾಪ, ಮಹಾರಾಣಿಯವ್ರಿಗೆ ನಮ್ಮ ಅರಮನಿ ಸಣ್ಣದಾತೇನೋ. ಬಾಗಳ್ಯಾಗ ಹೊಸದು ಕಟ್ಸಾಕ್ಹತ್ಯಾರೇನು?”

ಗವಿಸಿದ್ದೇಶ ಅವ್ವನ ಹಿಂದೆ ನೋಡಿದ. ಕೈಯಲ್ಲಿ ಹೂವಿನ ತಟ್ಟೆ ಹಿಡಿದುಕೊಂಡು ಪುಷ್ಪಲತಾ ನಿಂತಿದ್ದಳು. ಅವಳು ಕೇಳಲು ಬಂದದ್ದು ಸಣ್ಣ ಮಾತು: “ಅತ್ತೀ, ಭೂಮಕ್ಕ ನಾ ಯಾವ ಕಡಿಗೆ ಕುಂದರ್ಲಿ? ಎರಡೂ ಕಡಿಯವ್ರು ಕರ್ಯಾಕ್ಹತ್ಯಾರ.”

ಆಗಲಾದರೂ ದಾಕ್ಷಾಯಣಮ್ಮ, ‘ಬಾ, ನನ್ನ ಮಗ್ಗುಲಿಗೆ ಕೂಡು’ ಎನ್ನಬಹುದಿತ್ತು. ಎನ್ನಬೇಕೆಂದೇ ಬಾಯಿ ತೆರೆದಳು. ಹೊರಗೆ ಬಿದ್ದದ್ದು ಬೇರೆ. “ಎಲ್ಲಿ ಕುಂತ್ರೇನವ್ವ? ಮಾತಿಲ್ದ ಗೊಂಬಿನ ಯಾವ ಕಡಿಗಿಟ್ರೂ ಅಷ್ಟ. ನಿನಗ ಬಾಯಿ ಬಂದ ದಿನ ಹೇಳು, ಊರಿಗೆ ಸಕ್ಕರಿ ಹಂಚ್ತೀನಿ.”

“ಆತ್ರಿ,” ಎಂದು ಪುಷ್ಪಲತಾ ನೇರವಾಗಿ ಗಂಡಿನ ಕಡೆಗೆ ನಡೆದಳು.

ಮಧ್ಯಾಹ್ನ ಭೂಮ ಹೂಡಿದರು. ಮಂಟಪವೆಲ್ಲ ಒತ್ತರಿಸಿಕೊಂಡು ಬಂತು. ಮೊಬೈಲುಗಳು ಮೇಲೆದ್ದವು. ಮೈಕಿನವನು ಹೆಂಗಸರ ನಡುವೆಯೇ ಒಂದು ಮೈಕು ತಂದಿಟ್ಟ. ಗಂಡಿನ ಕಡೆಯ ಮುಂದಾಳು ಪುಷ್ಪಲತಾಳ ಚಿಕ್ಕಮ್ಮ, ಹರಪನಹಳ್ಳಿಯ ರೇಣುಕಾ. ಹಿಂದಿನ ವಾರವಷ್ಟೇ ಎರಡು ಮದುವೆ ಹಾಡಿ ಗಂಟಲು ಕಳೆದುಕೊಂಡು ಬಂದಿದ್ದಳು. ದಾಕ್ಷಾಯಣಮ್ಮ ಸೆರಗು ಬಿಗಿದು ಶುರು ಮಾಡಿದಳು:

“ಬಾಗಳಿ ಬೀಗರು ಬಂದಾರ ನೋಡ್ರಿ, ಮೀಸಿಗೆ ಎಣ್ಣಿ ಹಚ್ಚ್ಯಾರ,
ಹಪ್ಪಳ ಕಂಡ ಕೂಡಲೆ ಪಾಪ, ಮಂತ್ರಾನ ಅರ್ಧಕ್ಕ ಬಿಟ್ಟಾರ!”

ಮಂಟಪ ಗೊಳ್ಳೆಂದಿತು. ಸೊಲ್ಲು ಎರಡು ದಾಟುವುದರೊಳಗೆ ರೇಣುಕಾ ಕೆಮ್ಮುತ್ತಲೇ ಎತ್ತಿದಳು:

“ಹಪ್ಪಳ ನಮಗೆ ಹೊಸದಲ್ಲಮ್ಮ, ನಿಮ್ಮ ಹಪ್ಪಳ ಹೊಸದಮ್ಮ,
ಹಲ್ಲಿಲೆ ಮುರಿಯೋ ಹಪ್ಪಳ ಅಲ್ಲ, ಸುತ್ತಿಗಿ ಎಲ್ಲಿಟ್ಟೀರಮ್ಮ?”

ಈಗ ಗಂಡಿನ ಕಡೆಯ ಚಪ್ಪಾಳೆ. ದಾಕ್ಷಾಯಣಮ್ಮನಿಗೆ ಹುರುಪು ಇಮ್ಮಡಿಸಿತು. ಮದುಮಗನ ಕಡೆ ತಿರುಗಿದಳು:

“ಮದುಮಗ ಭಾಳ ಓದ್ಯಾನಂತ, ಕನ್ನಡಕ ಎರಡು ತಂದಾನ,
ತಾಳಿಯ ಕಟ್ಟೋ ಹೊತ್ತಿಗೆ ಪಾಪ, ಕೊರಳ್ಯಾವುದಂತ ಕೇಳ್ಯಾನ!”

ಪ್ರವೀಣಕುಮಾರ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ನಗೆ ಇನ್ನೂ ಜೋರಾಯಿತು. ರೇಣುಕಾ ಬಾಯಿ ತೆರೆದಳು, ಗಾಳಿ ಮಾತ್ರ ಬಂತು. ಗಂಟಲು ಹಿಡಿದುಕೊಂಡು ಸನ್ನೆ ಮಾಡಿದಳು. ಒಂದು ಸೊಲ್ಲು ಮುಗಿಯಿತು. ಎರಡು ಮುಗಿಯಿತು. “ಹೋತು, ಬಾಗಳಿ ಹೋತು!” ಎಂದು ಹೆಣ್ಣಿನ ಕಡೆಯವರು ಕುಣಿಯತೊಡಗಿದರು. ಮೂರನೆಯ ಸೊಲ್ಲಿನ ನಟ್ಟನಡುವೆ ಒಂದು ದನಿ ಎದ್ದಿತು. ತಿಳಿಯಾದ, ತುಂಬಿದ ದನಿ. ಮೈಕಿನ ಹಂಗೇ ಅದಕ್ಕೆ ಬೇಕಿರಲಿಲ್ಲ.

“ಕೊಟ್ಟೂರ ಬೀಗತಿ ದೊಡ್ಡಾಕಿ ನೋಡ್ರಿ, ಸೂರ್ಯಗ ಚೀಟಿ ಬರದಾಳ,
ನಮ್ಮ ಸೊಸಿ ಎದ್ದು ಕಸ ಹೊಡಿಯೋ ತನಕ ಮೂಡಬ್ಯಾಡಪ ಅಂದಾಳ!”

ಹಾಡಿದವಳು ಪುಷ್ಪಲತಾ!

ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಎದ್ದ ನಗೆಗೆ ಮಂಟಪದ ತಗಡು ಅದುರಿತು. ಅತ್ತೆಯ ಎದುರಿಗೆ ಸೊಸೆ! ಅಡುಗೆಯವರು ಸಟ್ಟುಗ ಹಿಡಿದುಕೊಂಡೇ ಓಡಿ ಬಂದರು. ಕರಿಸಿದ್ದಪ್ಪ ಕುರ್ಚಿಯ ಮೇಲೆ ಹತ್ತಿ ನಿಂತ. ದಾಕ್ಷಾಯಣಮ್ಮನಿಗೂ ಮೈ ಝುಮ್ಮೆಂದಿತು. ಇಷ್ಟು ವರ್ಷಗಳ ಮೇಲೆ ಸರಿಸಮ ಕಟ್ಟುವವಳೊಬ್ಬಳು ಸಿಕ್ಕಿದ್ದಳು. ಮೊದಲ ಸೊಲ್ಲಿಗೇ ಉತ್ತರ ಹಾರಿತು:

“ಸೂರ್ಯನು ನಮ್ಮ ಮಾತನು ಕೇಳಿ, ಮೋಡದ ಕಂಬಳಿ ಹೊದ್ದಾನ,
ಬಾಗಳಿ ಹೆಣ್ಣಿನ ಗೊರಕಿಯ ಕೇಳಿ, ಗುಡುಗು ಅಂತ ಎದ್ದಾನ!”

ಪುಷ್ಪಲತಾ ತಾನೂ ನಕ್ಕಳು. ಎರಡು ವರ್ಷದಲ್ಲಿ ದಾಕ್ಷಾಯಣಮ್ಮ ಕಂಡಿರದ ನಗೆ ಅದು. ಆದರೆ ಹಾಡಲು ಬಾಯಿ ತೆರೆಯುವಾಗ ಆ ನಗೆ ನಿಂತಿತ್ತು. ಈ ಸಲ ನಿಧಾನವಾಗಿ ಹಾಡಿದಳು:

“ಹಾಡುವ ಸೊಸಿಗೆ ಅತ್ತಿಯು ಕೊಟ್ಟಳು ಭಾಳ ದೊಡ್ಡ ಮರ್ಯಾದಿ,
ಹಾಲು ಉಕ್ಕೈತಿ ಹಾಡು ಕೇಳಾಕ, ಅಂದಿಗೆ ಹಾಡು ಬೂದಿ.”

ಹುಡುಗರು, ಗಂಡಸರು ನಕ್ಕರು. ಹಿರಿಯ ಹೆಂಗಸರು ನಗಲಿಲ್ಲ. ಮೊದಲ ‘ಸೋಬಾನೆ’ ಮೆಲ್ಲಗೆ ಎದ್ದಿತು.

ದಾಕ್ಷಾಯಣಮ್ಮನಿಗೆ ಆ ದಿನ ಕಣ್ಣಿಗೆ ಕಟ್ಟಿತು. ಪುಷ್ಪಲತಾ ಬಂದ ಮೊದಲ ತಿಂಗಳು. ಒಲೆಯ ಮುಂದೆ ನಿಂತು ಹಾಡುತ್ತಿದ್ದಳು. ಬೀದಿಯ ಹೆಂಗಸರು ಕಿಟಕಿಯ ಬಳಿ ನಿಂತು, “ದಾಕ್ಷಾಯಣಮ್ಮಾ, ನಿನ್ನ ಸೊಸಿ ದನಿ ಕೇಳಿದ್ರ ನಿನ್ನ ದನಿ ಮರ್ತ ಹೋಗ್ತೈತಿ ನೋಡು,” ಎಂದಿದ್ದರು. ಅಷ್ಟರಲ್ಲಿ ಹಾಲು ಉಕ್ಕಿತು. ದಾಕ್ಷಾಯಣಮ್ಮ ಅಲ್ಲೇ ನಿಂತು, “ನೋಡ್ರೆವಾ, ಹಾಲಿಗೂ ಹಾಡು ಕೇಳ್ಬೇಕನಿಸಿ ಪಾತೇಲಿ ದಾಟಿ ಬಂತು! ನಾಳಿಂದ ಟಿಕೀಟು ಇಡೂಣು,” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಮಾತು ಆಕೆಗೆ ಎಷ್ಟು ರುಚಿಸಿತೆಂದರೆ ವಾರವಿಡೀ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಸೊಸೆ ಅಂದಿನಿಂದ ಹಾಡಿರಲಿಲ್ಲ ಎಂಬುದು ಆಕೆಯ ಗಮನಕ್ಕೆ ಬಂದದ್ದು ಈಗ, ಈ ಪರಾತದ ಮುಂದೆ.

ಎರಡನೆಯ ಸೊಲ್ಲು ಎದ್ದಿತು.

ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಬ್ಯಾಗು! ಸೀರೆಯೆಲ್ಲ ತುಂಬಿಟ್ಟ ಬ್ಯಾಗಿನ ಮೇಲೆ ಎರಡು ಸಾಲು ಹಾಡಿದರೆ ಮಂಟಪ ಬಿದ್ದು ನಗುತ್ತದೆ, ಬಾಗಳಿಯವರ ಬಾಯಿ ಕಟ್ಟುತ್ತದೆ, ಗೆಲುವು ತನ್ನದು. ಆದರೆ ಆ ಹಾಡಿಗೆ ತಲೆ ತಗ್ಗಿಸಿದ ಹುಡುಗಿ ಈ ಜನ್ಮದಲ್ಲಿ ಕೊಟ್ಟೂರಿನ ಹೊಸ್ತಿಲು ತುಳಿಯಲಾರಳು. ದಾಕ್ಷಾಯಣಮ್ಮ ಎದುರಿಗೆ ನೋಡಿದಳು. ಪುಷ್ಪಲತಾಳ ಬೆರಳು ಸೆರಗಿನ ಅಂಚನ್ನು ಹಿಂಡುತ್ತಿದ್ದವು. ಅವಳಿಗೂ ಗೊತ್ತಿತ್ತು, ಮುಂದೆ ಬರುವುದು ಬ್ಯಾಗೇ ಎಂದು.

ಬೀಗರ ಹಾಡಿನಲ್ಲಿ ಎದುರಿನವರಿಗೆ ಮೂರು ಸೊಲ್ಲಿನಷ್ಟಾದರೂ ಹೊತ್ತು ಕೊಡುತ್ತಾರೆ. ಅಡುಗೆಮನೆಯಲ್ಲಿ ತಾನು ಅರ್ಧ ಸೊಲ್ಲಿನ ಹೊತ್ತೂ ಕೊಟ್ಟಿರಲಿಲ್ಲ. ಅಂದುಬಿಟ್ಟು, ನಕ್ಕುಬಿಟ್ಟು, ಹೊರಗೆ ನಡೆದುಬಿಡುವುದೇ ಆಗಿತ್ತು. ಹೀಗೆಂದುಕೊಳ್ಳುವಷ್ಟರಲ್ಲಿ ಮೂರನೆಯ ಸೊಲ್ಲು ಶುರುವಾಯಿತು. ಬ್ಯಾಗಿನ ಹಾಡನ್ನು ನುಂಗಿದಳು. ಬೇರೆ ಸಾಲು ಇರಲಿಲ್ಲ. ಸೊಲ್ಲಿನ ಕೊನೆಯ ಎಳೆತದಲ್ಲಿ, ಎಲ್ಲಿಂದಲೋ, ಎರಡು ಸಾಲು ಬಂದವು:

“ಹಾಲು ಉಕ್ಕಿದ್ದು ಆಮ್ಯಾಲ ನನ್ನವ್ವ, ಮೊದಲು ಉಕ್ಕಿದ್ದು ಹೊಟ್ಟಿಕಿಚ್ಚ,
ಸೊಸಿಯ ದನಿಯನು ಮಂದಿ ಹೊಗಳಿದರ, ಅತ್ತಿಗ ಹಿಡಿದಿತ್ತ ಹುಚ್ಚ!”

ಮರುಕ್ಷಣ ಹೋ ಎಂದು ಎದ್ದ ಕೂಗಿಗೆ ಬಾಜಾದವರು ತಾವಾಗಿಯೇ ಡೋಲು ಬಾರಿಸಿಬಿಟ್ಟರು. ಪುಷ್ಪಲತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಮಾತ್ರ ಕುಲುಕುತ್ತಿತ್ತು. ಸೊಲ್ಲು ಮೂರೂ ಮುಗಿದವು. ಅವಳು ಉತ್ತರ ಕಟ್ಟಲಿಲ್ಲ.

“ಗೆದ್ವಿ!” ಎಂದರು ಹೆಣ್ಣಿನ ಕಡೆಯವರು.

“ಅದೆಂಗೆ ಗೆಲ್ತೀರಿ?” ರೇಣುಕಾ ಒಡೆದ ಗಂಟಲಲ್ಲೇ ಎದ್ದು ನಿಂತಳು. “ಬೀಗರನ್ನ ಬೈಬೇಕು. ತನ್ನನ್ನ ತಾನೇ ಬೈಕಂಡ್ರೆ ಅದೆಂಥ ಉತ್ತರ? ಅದು ನಮ್ಮ ಲೆಕ್ಕಕ್ಕೇ ಬರಬೇಕು!”

“ಎರಡು ಸಾಲು ಹಾಡ್ಯಾಳಿಲ್ಲೋ?”

“ಹಾಡಿದ್ರೆ ಆಯ್ತಾ? ಯಾರ ಮ್ಯಾಲೆ ಹಾಡಿದ್ಲು, ಅದನ್ನ ಹೇಳ್ರಿ!”

ಜಗಳ ಬಗೆಹರಿಯಲಿಲ್ಲ. ಮದುವೆ ಮಾಡಿಸಲು ಬಂದ ವೀರಭದ್ರಯ್ಯನವರು, “ತಾಯಂದಿರಾ, ಸೋತವ್ರು ಯಾರಂತ ನಾಳಿಗೆ ಹೇಳ್ತೀನಿ, ಹಸದವ್ರು ಯಾರಂತ ಈಗ ಹೇಳ್ತೀನಿ,” ಎಂದು ಪರಾತಕ್ಕೆ ಕೈ ಹಾಕಿಸಿದರು. ಯಾರು ಗೆದ್ದರೆಂಬ ಮಾತು ಬಾಗಳಿಯಲ್ಲಿ ಒಂದು ಬಗೆ, ಕೊಟ್ಟೂರಿನಲ್ಲಿ ಇನ್ನೊಂದು ಬಗೆ ಇಂದಿಗೂ ನಡೆದಿದೆ.

ಊಟ ಮುಗಿಯಿತು. ಬಾಗಳಿಯವರ ಕ್ರೂಸರ್ ಗೇಟಿನ ಬಳಿ ಬಂದು ನಿಂತಿತು. ಪುಷ್ಪಲತಾಳ ಬ್ಯಾಗನ್ನು ಗವಿಸಿದ್ದೇಶ ಮೇಲೆ ಕಟ್ಟಿದ. ದಾಕ್ಷಾಯಣಮ್ಮ ಹತ್ತಿರ ಬಂದಳು. ಗಾಡಿಯ ಮೇಲೆ, ಬ್ಯಾಗಿನ ಮೇಲೆ, ಡ್ರೈವರನ ಟೋಪಿಯ ಮೇಲೆ ನಾಲ್ಕೈದು ಮಾತು ಬಾಯಿಗೆ ಬಂದವು. ಒಂದೊಂದನ್ನೇ ಹಿಂದಕ್ಕೆ ಕಳಿಸಿದಳು. ಕೊನೆಗೆ ಉಳಿದದ್ದು ಬರಿಯ ಪ್ರಶ್ನೆ. ಯಾವ ಕೊಕ್ಕೆಯೂ ಇಲ್ಲದ್ದು. ಅದನ್ನು ಆಡಲು ಆಕೆಗೆ ಕಷ್ಟವೇ ಆಯಿತು.

“ಯಾವಾಗ ಬರ್ತಿಯವ್ವ?”

ಪುಷ್ಪಲತಾ ಅತ್ತೆಯ ಮುಖ ನೋಡಿದಳು. “ಬರೋ ಸೋಮವಾರ ಬರ್ತೀನ್ರಿ. ಆದ್ರ ಅತ್ತೀ, ಒಂದು ಮಾತು. ಮನ್ಯಾಗ ನೀವು ಅಂದ್ರ ನಾನೂ ಅಂತೀನಿ. ಆಮ್ಯಾಲ ತಮಾಷಿಗೆ ಅಂದ್ನಿ ಅಂತ ಎದ್ದು ಹೋಗಂಗಿಲ್ಲ. ನಂದು ಮುಗಿಯೋತನಕ ನಿಂತು ಕೇಳ್ಬೇಕು.”

“ಕೇಳ್ತೀನಿ.”

“ಓಣಿ ಮಂದಿ ಮುಂದ ಅನ್ನಂಗಿಲ್ಲ.”

“ಇಲ್ಲವ್ವ.” ದಾಕ್ಷಾಯಣಮ್ಮನ ಕಣ್ಣು ಮಿನುಗಿದವು. “ನೀನೂ ಸುಮ್ನ ಬಿಡಬ್ಯಾಡ. ಅಂದು ನೋಡು.”

“ಈಗ ಅಂತೀನಿ ಹಂಗಾರ.” ಪುಷ್ಪಲತಾ ಗಾಡಿ ಹತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಅತ್ತೀ, ಸೆರಗಿಗೆ ಅರ್ಧ ಹೋಳಿಗಿ ಅಂಟೈತಿ ನೋಡ್ರಿ. ಮನಿ ತನಕ ಎರಡು ಓಣಿ ದಾಟ್ಬೇಕಲ್ಲ, ದಾರಿಗೆ ಬುತ್ತಿ ಕಟ್ಕೊಂಡ್ರೇನು?”

ಗಾಡಿಯಲ್ಲಿದ್ದವರೆಲ್ಲ ನಕ್ಕರು. ದಾಕ್ಷಾಯಣಮ್ಮ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕ್ರೂಸರ್ ಹೊರಟೇಬಿಟ್ಟಿತು. “ನಿಲ್ಲಿಸ್ರಿ, ನಿಲ್ಲಿಸ್ರಿ!” ಎಂದು ಸೀರೆ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಓಡಿದಳು. ಸಿಗಲಿಲ್ಲ. ಏದುಸಿರು ಬಿಡುತ್ತ ಮಗನ ಕಡೆ ತಿರುಗಿದಳು.

“ಫೋನು ಹಚ್ಚೋ!”

“ಯಾರಿಗವ್ವ?”

“ಯಾರಿಗಂದ್ರ? ಜಿಲ್ಲಾಧಿಕಾರಿಗೆ! ನಿನ್ನ ಹೆಂಡ್ತಿಗೆ ಹಚ್ಚಪ್ಪ, ಬುದ್ಧಿವಂತ! ಸೋಮವಾರದ ತನಕ ಯಾರು ಕಾಯ್ತಾರ?”

ಗವಿಸಿದ್ದೇಶ ನಗುತ್ತ ಫೋನು ಹಚ್ಚಿ ಕೊಟ್ಟ. ಕ್ರೂಸರ್ ಇನ್ನೂ ರಸ್ತೆಯ ತಿರುವಿನಲ್ಲೇ ಕಾಣುತ್ತಿತ್ತು. ಆ ಕಡೆಯಿಂದ ಪುಷ್ಪಲತಾ, “ಹಲೋ ಅತ್ತೀ, ಕೇಳಾಕ್ಹತ್ತೀನಿ, ಅನ್ರಿ,” ಎಂದಳು. ದಾಕ್ಷಾಯಣಮ್ಮ ಸೆರಗಿನ ಹೋಳಿಗೆ ಚೂರನ್ನು ಕಿತ್ತು ಬಾಯಿಗೆ ಹಾಕಿಕೊಂಡು, ಗೇಟಿನ ಮುಂದೆ ಅತ್ತಿಂದಿತ್ತ ಓಡಾಡುತ್ತ ಉತ್ತರ ಶುರುಮಾಡಿದಳು.