ಯಾವ ಮುಖ ಮೇಲೆ

೧೯೬೯ರ ಮಾರ್ಚ್, ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ: ಗೋಕುಲ ರಸ್ತೆಯ ನನ್ನ ಅಂಗಳ. ಹಾಜರಿದ್ದವರು: ಅಲ್ಲಿ ದುಡಿಯುವ ಎಲ್ಲರೂ. ಅವರ ಮುಂದೆ ನಿಂತು ಹೇಳಿದ್ದನ್ನೇ, ಮಲ್ಲಪ್ಪ ಗೌಂಡಿಯವರೇ, ಈ ಸಂಜೆ ನಿಮಗೆ ಬರೆಯುತ್ತಿದ್ದೇನೆ — ಎಂಟು ವರ್ಷಗಳ ಹಿಂದೆ ನಿಮ್ಮನ್ನು ಛಜ್ಜಾದಿಂದ ಕೆಡವಿದವನು ನಾನು. ಅದು ಮುರಿಯುತ್ತದೆ ಎಂದು ನನಗೆ ಗೊತ್ತಿತ್ತು. ನೀವು ಅದರ ಮೇಲೆ ನಿಲ್ಲುತ್ತೀರಿ ಎಂದೂ ಗೊತ್ತಿತ್ತು.

ನಾನು ಎರಡನೇ ಮಹಾಯುದ್ಧದಲ್ಲಿ ಸೇತುವೆ ಕಟ್ಟುವ ಪಡೆಯಲ್ಲಿದ್ದವನು. ಅಲ್ಲಿ ಸೇತುವೆ ತುಂಡುತುಂಡಾಗಿ ಬರುತ್ತಿತ್ತು, ನಾವು ಜೋಡಿಸುತ್ತಿದ್ದೆವು. ಊರಿಗೆ ಮರಳಿದ ಮೇಲೆ ಮನೆಯನ್ನೂ ಹೀಗೇ ಏಕೆ ಕಟ್ಟಬಾರದು ಎನಿಸಿತು. ತೊಲೆ, ಮಾಳಿಗೆಯ ಹಲಗೆ, ಕಿಟಕಿಗೆ ನೆರಳಾಗುವ ಛಜ್ಜಾ — ಎಲ್ಲವನ್ನೂ ಈ ಅಂಗಳದಲ್ಲೇ ಸಿಮೆಂಟಿನಲ್ಲಿ ಅಚ್ಚಿಗೆ ಎರೆದು, ನೀರಿನಲ್ಲಿ ನೆನೆಸಿ ಗಟ್ಟಿ ಮಾಡಿ, ಲಾರಿಯಲ್ಲಿ ಕಳಿಸುವುದು. ಮನೆ ಕಟ್ಟಿಸುವ ಜನ ಹೆದರುತ್ತಿದ್ದರು. ಮೊದಲು ಧೈರ್ಯ ಮಾಡಿದವರು ಹತ್ತಿ ವ್ಯಾಪಾರದ ಚನ್ನಬಸಪ್ಪ ಸಾವಕಾರರು. ಹುಬ್ಬಳ್ಳಿಯಲ್ಲಿ ಅವರದು ಎರಡು ಅಂತಸ್ತಿನ ಮನೆ, ಕಟ್ಟುವ ಗೌಂಡಿ ನೀವು. ನನ್ನ ತೊಲೆಗಳು ಬಂದರೆ ನಿಮ್ಮ ಕಡೆಯ ಅರ್ಧ ಜನಕ್ಕೆ ಕೆಲಸವಿಲ್ಲ — ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ‘ಇದು ಮನಿ ಅಲ್ಲರೀ ಹವಾಲ್ದಾರ್ರ, ಕಡ್ಡಿಪೆಟ್ಟಿಗಿ’ ಎಂದು ನೀವು ನಕ್ಕಾಗ ನಾನೂ ನಕ್ಕಿದ್ದೆ.

ಆಮೇಲೆ ಕೆಳಗಿನ ಅಂತಸ್ತಿಗೆ ತೊಲೆ ಏರಿಸುವ ದಿನ ಬಂತು. ಕುಂಕುಮ, ಹೂವು, ಕಾಯಿ. ತೊಲೆ ಮಾಡಿದವನಿಗೆ ಮನೆಯ ಯಜಮಾನ ರುಮಾಲು ಸುತ್ತುವುದು ಪದ್ಧತಿ. ಹಿಂದೆಲ್ಲ ಬಡಿಗೇರರಿಗೆ ಸಲ್ಲುತ್ತಿದ್ದ ಮರ್ಯಾದೆ ಅದು. ಸಾವಕಾರರು ರುಮಾಲು ಹಿಡಿದು ನನ್ನ ಕಡೆ ತಿರುಗಿದರು. ನಾನು ತಲೆ ಬಾಗಿಸಿದ್ದೆ. ಆಗ ನೀವು ಅಂದಿರಿ —

“ಸಾವ್ಕಾರ್ರ, ಮೆಟ್ಟು ಹೊಲಿಯೋರ ಕೈಯಾಗಿನ ತೊಲಿ ತಲಿ ಮ್ಯಾಲ ಇಟ್ಕೊಂಡೀರಿ. ಅಷ್ಟ ಸಾಕು. ರುಮಾಲ ಬ್ಯಾರೆ ಯಾಕರಿ?”

ಸಾವಕಾರರು ನಕ್ಕರು. ನೆರೆದವರು ನಕ್ಕರು. ರುಮಾಲು ನಿಮ್ಮ ತಲೆಗೇರಿತು.

ನನ್ನ ಅಪ್ಪ ಚಪ್ಪಲಿ ಹೊಲಿಯುತ್ತಿದ್ದುದು ನಿಜ. ನಾವು ಬೌದ್ಧರಾಗಿ ನಾಲ್ಕೈದು ವರ್ಷ ಕಳೆದಿದ್ದವು, ನಾನು ಹವಾಲ್ದಾರನಾಗಿ ನಿವೃತ್ತನಾಗಿದ್ದೆ, ನಲವತ್ತು ಗಂಡಸರು ನನ್ನ ಸೀಟಿಯ ಸದ್ದಿಗೆ ಎದ್ದು ನಿಂತದ್ದುಂಟು — ಬಾಗಿಸಿದ ತಲೆಯನ್ನು ಮೇಲೆತ್ತುವಷ್ಟರಲ್ಲಿ ಅದೆಲ್ಲ ಇಲ್ಲವಾಗಿತ್ತು. ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸಿದ ಮೇಲೆ ಬರೆಯೋಣ ಎಂದು ಕಾಯುತ್ತ ಇಷ್ಟು ವರ್ಷ ಹೋದವು. ಇನ್ನು ಕಾಯುವುದಿಲ್ಲ.

ಮೇಲಿನ ಅಂತಸ್ತಿಗೆ ಛಜ್ಜಾ ಕಳಿಸುವುದಿತ್ತು. ತೊಲೆಯೊಳಗೆ ಕಬ್ಬಿಣದ ಸರಳು ಕೆಳಮುಖಕ್ಕೆ ಇರಬೇಕು. ಛಜ್ಜಾ ಗೋಡೆಯಿಂದ ಹೊರಗೆ ಚಾಚಿರುವಂಥದ್ದು, ಅದಕ್ಕೆ ಸರಳು ಮೇಲ್ಮುಖಕ್ಕೆ, ತಿರುವಿಟ್ಟರೆ ಭಾರ ಬಿದ್ದಾಗ ಮುರಿಯುತ್ತದೆ. ನನ್ನ ಅಂಗಳದಲ್ಲಿ ಛಜ್ಜಾವನ್ನು ಬೋರಲಾಗಿ ಎರೆಯುತ್ತಿದ್ದೆವು. ಹಾಗಾಗಿ ಅಚ್ಚಿನ ತಳ ತಾಗಿದ ನುಣುಪು ಮುಖ ಆಕಾಶಕ್ಕೆ ಬರಬೇಕು, ಒರಟು ಮುಖ ಕೆಳಗೆ. ತೊಲೆಯದು ಇದಕ್ಕೆ ಉಲ್ಟಾ. ಹೊಸಬರು ಎಡವುವುದು ಇಲ್ಲೇ ಎಂದು ಪ್ರತಿ ಛಜ್ಜಾದ ಮೇಲ್ಮುಖಕ್ಕೆ ಕೆಂಪು ಪಟ್ಟಿ ಎಳೆಯುವ ನಿಯಮ ಮಾಡಿದ್ದೆ. ಅಂಗಳದಲ್ಲಿ ಆ ನಿಯಮ ಒಮ್ಮೆಯೂ ತಪ್ಪಿರಲಿಲ್ಲ.

ನಿಮಗೆ ಕಳಿಸಿದವುಗಳಿಗೆ ಪಟ್ಟಿ ಎಳೆಯಬೇಡಿ ಎಂದು ನಾನೇ ಹೇಳಿದೆ. ಆಗ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ — ಗೌಂಡಿ ಬಂದು ನನ್ನನ್ನು ಕೇಳಲಿ. ಜನರ ಮುಂದೆ ಕೇಳಲಿ. ಕೇಳಿದರೆ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದೇ ಅಂದುಕೊಂಡಿದ್ದೆ —

ನೀವು ಕೇಳಿದಿರಿ. ಆಳುಗಳೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಛಜ್ಜಾದ ಎರಡೂ ಮುಖ ಸವರಿ, ನನ್ನತ್ತ ನೋಡದೆ ಕೇಳಿದಿರಿ.

“ಹವಾಲ್ದಾರ್ರ, ಇದರದು ಯಾವ ಮುಖ ಮ್ಯಾಲ ಬರಬೇಕ್ರಿ?”

ನಾನು ಅಂದೆ — “ರುಮಾಲ ಸುತ್ಕೊಂಡೋರಿಗೆ ಗೊತ್ತಿಲ್ಲದ್ದು ಏನೈತ್ರಿ, ಗೌಂಡ್ಯಾರ?”

ಆಳುಗಳು ನಕ್ಕರು. ಈ ಸಲ ನಿಮ್ಮನ್ನು ನೋಡಿ. ನಿಮ್ಮ ಕಿವಿ ಕೆಂಪಾದದ್ದನ್ನು ನಾನು ಕಣ್ತುಂಬ ನೋಡಿದೆ — ಆ ಸುಖವನ್ನು ಮುಚ್ಚಿಡುವುದಿಲ್ಲ, ಯುದ್ಧ ಮುಗಿದ ಸುದ್ದಿ ಬಂದ ದಿನವೂ ಅಷ್ಟು ಸುಖವಾಗಿರಲಿಲ್ಲ. ನೀವು ಮತ್ತೆ ಕೇಳಲಿಲ್ಲ. ತೊಲೆಯಂತೆಯೇ ಇರಬೇಕೆಂದು ನುಣುಪು ಮುಖ ಕೆಳಗೆ ಮಾಡಿ ಕೂರಿಸಿದಿರಿ. ಒಂದೊಂದೂ ಬೋರಲಾಗಿ ಕೂರುವುದನ್ನು ನಾನು ಕೈ ಹಿಂದೆ ಕಟ್ಟಿಕೊಂಡು ನೋಡಿದೆ.

ಕಟ್ಟಿದ ಕೆಲಸದ ಮೇಲೆ ತಾವೇ ನಿಂತು ಯಜಮಾನನಿಗೆ ತೋರಿಸುವುದು ನಿಮ್ಮ ರೂಢಿ. ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಕೆಳಗಿನ ಆಸರೆಯ ಕಂಬಗಳನ್ನು ತೆಗೆದ ದಿನ ನಾನು ಹೋಗಲಿಲ್ಲ. ಅಂಗಳದಲ್ಲಿ ಅಚ್ಚುಗಳನ್ನು ತೊಳೆಸುತ್ತ ಕಾದೆ. ಮಧ್ಯಾಹ್ನ ಸುದ್ದಿ ಬಂತು — ಗೌಂಡಿ ಬಿದ್ದ, ಛಜ್ಜಾ ಅವನ ಕೈ ಮೇಲೇ ಬಿತ್ತು, ಬಲಗೈ.

ಸಾವಕಾರರು ಕರೆಸಿ, ಮಾಲು ಕೆಟ್ಟದ್ದೋ ಕೆಲಸ ಕೆಟ್ಟದ್ದೋ ಎಂದು ಕೇಳಿದರು. ಬೋರಲು ಕೂರಿಸಿದ್ದಾರೆ, ನೋಡಿಕೊಳ್ಳಿ ಎಂದೆ. ಒಂದಕ್ಷರವೂ ಸುಳ್ಳಲ್ಲ. ಉಳಿದ ಛಜ್ಜಾಗಳನ್ನು ಕೀಳಿಸಿ, ಹೊಸವನ್ನು ತಂದು ನಾನೇ ನಿಂತು ಕೂರಿಸಿದೆ. ನಿಮ್ಮ ಕೈ ಸೊಟ್ಟಗೆ ಕೂಡಿಕೊಂಡಿತು. ಗಾರೆ ಸವರುವ ಥಾಪಿ ಹಿಡಿಯಲಾಗದೆ ಅಮ್ಮಿನಬಾವಿಗೆ ಹೋದಿರಿ, ತಂಗಿಯ ಮನೆಗೆ. ನನ್ನ ಅಂಗಳ ಬೆಳೆಯಿತು.

ನನ್ನ ಮನಸ್ಸು ಅಲ್ಲಿಗೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ನಿಮ್ಮ ಹೆಸರನ್ನೂ ಬಿಡಲಿಲ್ಲ ನಾನು. ಅಂಗಳದಲ್ಲಿ ಯಾರಾದರೂ ಬೋರಲು ಇಟ್ಟರೆ, ‘ಮಲ್ಲಪ್ಪ ಮಾಡಬ್ಯಾಡ’ ಎಂದು ಮೊದಲು ಗದರಿಸಿದವನು ನಾನೇ. ಕೆಲಸದವರು ಕಲಿತರು, ಅವರಿಂದ ಬೇರೆ ಕಟ್ಟಡಗಳ ಗೌಂಡಿಗಳು ಕಲಿತರು. ಹೋದ ವಾರ ಹೊಸದಾಗಿ ಸೇರಿದ ಒಬ್ಬ, ಮಲ್ಲಪ್ಪ ಅಂದರೆ ಯಾರು ಎಂದು ಕೇಳಿದ. ‘ಯಾವನೋ ಮುದುಕ, ಮ್ಯಾಲ ಯಾವ್ದು ಕೆಳಗ ಯಾವ್ದು ತಿಳೀಲಾರದಾಂವ’ ಎಂದು ಇನ್ನೊಬ್ಬ ಉತ್ತರ ಕೊಟ್ಟ. ಈ ಹುಬ್ಬಳ್ಳಿ-ಧಾರವಾಡದಲ್ಲಿ ನೀವು ಕಟ್ಟಿದ ಎಷ್ಟು ಕಲ್ಲಿನ ಮನೆಗಳಿವೆ — ಒಂದಕ್ಕೂ ಬಿರುಕಿಲ್ಲ. ನಾನು ನಿಮ್ಮ ಕೈ ತೆಗೆದುಕೊಂಡೆ, ಆಮೇಲೆ ಆ ಮನೆಗಳನ್ನೂ ನಿಮ್ಮಿಂದ ಕಿತ್ತುಕೊಂಡೆ. ನೀವು ನನ್ನಿಂದ ಕಿತ್ತದ್ದು ಒಂದು ದಿನದ ಮರ್ಯಾದೆ.

ಇವತ್ತು ಬೆಳಿಗ್ಗೆ ಕೆಲಸದವರಿಗೆ ಎಲ್ಲ ಹೇಳಿದೆ. ಇಬ್ಬರು ಹಳಬರು ನೆಲ ನೋಡಿದರು — ಪಟ್ಟಿ ಎಳೆಯಬೇಡಿ ಎಂದು ಅಂದು ನಾನು ಹೇಳಿದ್ದು ಅವರಿಗೇ. ಅಲ್ಲಿಂದ ಸಾವಕಾರರ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಹೇಳಿದೆ. ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು, “ಹೋಗ್ಲಿ ಬಿಡ್ರಿ, ಹಳೀ ಮಾತು. ಗೋದಾಮಿನ ತೊಲಿ ಇವತ್ತ ಬರ್ತಾವಿಲ್ಲೋ?” ಎಂದರು.

ತೊಲೆಗಳು ನನ್ನ ಅಂಗಳದಲ್ಲಿ ಲಾರಿಯ ಮೇಲಿದ್ದವು. ಚನ್ನಬಸಪ್ಪನವರು ಅಮ್ಮಿನಬಾವಿಗೆ ಬಂದು, ಕೆಲಸ ನಿಮ್ಮಿಂದ ಕೆಡಲಿಲ್ಲ ಎಂದು ನಿಮ್ಮ ಓಣಿಯಲ್ಲಿ ನಿಂತು ಹೇಳುವವರೆಗೆ ನನ್ನ ಅಂಗಳದಿಂದ ಅವರಿಗೆ ಒಂದು ತುಂಡೂ ಹೋಗುವುದಿಲ್ಲ ಎಂದು ಹೇಳಿ ಬಂದೆ. ಇದರಲ್ಲೂ ಸೇಡಿದೆ, ಅಂದು ನಕ್ಕವರಲ್ಲಿ ಅವರೂ ಒಬ್ಬರು. ಇಲ್ಲವೆನ್ನುವುದಿಲ್ಲ.

ನಾಳೆ ಮೊದಲ ಬಸ್ಸಿಗೆ ನಾನು ಬರುತ್ತೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ, ಅಲ್ಲೇ ನಿಂತು ಓದುತ್ತೇನೆ. ಯಾರನ್ನು ಕರೆಯಬೇಕೋ ಕರೆಯಿರಿ. ನಿಮ್ಮ ಎಡಗೈ ಇನ್ನೂ ಗಟ್ಟಿಯಿದೆ ಎಂದು ಕೇಳಿದ್ದೇನೆ. ನೀವು ಅದನ್ನೆತ್ತಿದರೆ ನಾನು ಕೈ ಅಡ್ಡ ಹಿಡಿಯುವುದಿಲ್ಲ.

ಲಾರಿಯಿಂದ ಕೊನೆಯ ತೊಲೆ ಈಗಷ್ಟೇ ಮತ್ತೆ ಅಂಗಳಕ್ಕೆ ಇಳಿಯಿತು.