ಎಳನೀರು ಬೇಡ ಎಂದ ಮಧ್ಯಾಹ್ನ

ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದ ಮರುವರ್ಷ, ಯುವಜನ ಶಿಬಿರವೊಂದಕ್ಕೆ ಆರೋಗ್ಯ ಸ್ವಯಂಸೇವಕಿಯಾಗಿ ಹೋದೆ. ಫೆಬ್ರವರಿ ತಿಂಗಳು. ಹಂದನಕೆರೆ ಕಡೆಯ ಗುಡ್ಡಸಾಲಿನ ಹಳ್ಳಿಗಳನ್ನು ಒಂದು ವಾರ ನಡೆದೇ ಸುತ್ತುವುದು, ಹೂಳು ತುಂಬಿದ ಕಟ್ಟೆಗಳಲ್ಲಿ ಹುಡುಗರು ಮಣ್ಣು ಹೊರುವುದು, ಹೋದಹೋದ ಊರಿನಲ್ಲಿ ನಾನು ಜನರ ಬಿಪಿ, ಶುಗರ್ ನೋಡುವುದು, ಇಷ್ಟು ಕಾರ್ಯಕ್ರಮ. ಈ ವಯಸ್ಸಿನಲ್ಲಿ ಗುಡ್ಡ ಹತ್ತುವ ಉಸಾಬರಿ ನಿನಗ್ಯಾಕಮ್ಮ ಅಂತ ಮಗಳು ಗೊಣಗಿದಳು. ಇಡೀ ಜೀವಮಾನ ವಾರ್ಡಿನಲ್ಲಿ ಓಡಾಡಿದ ಕಾಲು ಇದು, ಮನೆಯಲ್ಲಿ ಕೂತ್ಕೋ ಅಂದರೆ ಕೂತೀತೇ? ಬ್ಯಾಗಿಗೆ ಬಿಪಿ ಮಿಷನ್ ಹಾಕಿಕೊಂಡು ಹೊರಟೆ.

ಶಿಬಿರದ ಮುಂದಾಳು ಲೋಕೇಶ್. ತುರುವೇಕೆರೆ ಕಡೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ನಲವತ್ತರ ಆಸುಪಾಸು, ಕೊರಳಲ್ಲಿ ಸದಾ ವಿಶಲ್, ಕೂತಲ್ಲಿ ಕೂರುವ ಆಸಾಮಿಯಲ್ಲ. ಬೆಂಗಳೂರು, ಮೈಸೂರು ಅಂತ ಎಲ್ಲೆಲ್ಲಿಂದಲೋ ಬಂದಿದ್ದ ಹುಡುಗ ಹುಡುಗಿಯರಿಗೆ ಮೊದಲ ಸಂಜೆಯೇ ಒಂದು ನಿಯಮ ಹೇಳಿದರು: ಹಳ್ಳಿಯವರು ಪ್ರೀತಿಯಿಂದ ಕೊಟ್ಟದ್ದನ್ನು ಯಾರೂ ಬೇಡ ಅನ್ನಕೂಡದು. ನನಗೆ ಆ ಮಾತು ಬಹಳ ಹಿಡಿಸಿತು. ನಾನೂ ಅರಳಗುಪ್ಪೆ ಕಡೆಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು. ನಮ್ಮಲ್ಲಿ ನೆಂಟರು ಬಂದರೆ ಕಾಫಿಗೆ ಮುಂಚೆ ಎಳನೀರು. ಬೇಡ ಅಂದರೆ ಮನೆಯವರ ಮುಖ ಸಣ್ಣದಾಗುತ್ತದೆ, ಏನು ಕೋಪವೋ ಅಂತ ವಾರಗಟ್ಟಲೆ ಮಾತಾಡಿಕೊಳ್ಳುತ್ತಾರೆ.

ನಾನು ಹೇಳಬೇಕಾದ ಘಟನೆ ನಡೆದದ್ದು ನಾಲ್ಕನೆಯ ದಿನ. ಬೆಳಗ್ಗೆಯಿಂದ ಬಿಸಿಲಲ್ಲಿ ಮೂರು ಹಳ್ಳಿ ದಾಟಿದ್ದೆವು. ಮೂರರಲ್ಲೂ ನಾವು ಬರುವ ಮೊದಲೇ ಎಳನೀರು ಕೆಡವಿ ರಾಶಿ ಹಾಕಿದ್ದರು. ಮೊದಲ ಊರಲ್ಲಿ ಹುಡುಗರು ಕುಣಿದಾಡಿ ಕುಡಿದರು, ಮೂರನೆಯ ಊರಿನ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಕೂತರು. ಕೆತ್ತಿಟ್ಟ ಕಾಯಿ ಹಾಗೇ ಉಳಿದರೆ ಊರವರಿಗೆ ಬೇಜಾರು ಅಂತ ಲೋಕೇಶ್ ಹುಡುಗರ ಪಾಲಿನದನ್ನೂ ತಾವೇ ಎತ್ತಿ ಕುಡಿದರು. ಊರವರ ಮುಖ ಇಷ್ಟಗಲ ಆಯಿತು. ಮೇಷ್ಟ್ರು ಅಂದರೆ ಇವರಪ್ಪ ಅಂತ ಬೆನ್ನು ತಟ್ಟಿದರು. ನಾನೂ ನಕ್ಕೆ.

ನಾಲ್ಕನೆಯದು ಗುಡ್ಡದ ಮೇಲಿನ ಪುಟ್ಟ ಊರು. ಹತ್ತು ಹನ್ನೆರಡು ಮನೆ, ಸುತ್ತ ತೆಂಗು, ಅದರಾಚೆ ರಾಗಿ ಹೊಲ. ಊರಿಗೆ ಹಿರಿಯಳು ಗೌರಜ್ಜಿ. ಮೂಗುಬೊಟ್ಟಿನ, ಗಟ್ಟಿ ದನಿಯ ಮುದುಕಿ. ಕೈಯಲ್ಲಿ ಮಚ್ಚು ಹಿಡಿದು ತಾನೇ ಎಳನೀರು ಕೆತ್ತುತ್ತಿದ್ದಳು. ಅವಳು ಕೊಟ್ಟದ್ದನ್ನು ಕುಡಿದು ಮುಗಿಸಿದ ಲೋಕೇಶ್, ಹೊರಡೋಣ ಅಂತ ವಿಶಲ್ ಬಾಯಿಗೆ ಇಟ್ಟುಕೊಂಡು ಜಗಲಿಯಿಂದ ಏಳಲು ಹೋದರು. ಕಾಲು ಏಳಲಿಲ್ಲ. ವಿಶಲ್ ಕೂಗಲಿಲ್ಲ. ಹಾಗೇ ಪಕ್ಕಕ್ಕೆ ವಾಲಿಬಿಟ್ಟರು.

ಬಿಸಿಲು ಬಡಿದಿದೆ ಅಂತ ಎಲ್ಲರೂ ಒಂದೇ ಬಾಯಲ್ಲಿ ಅಂದರು. ನನಗೂ ಮೊದಲು ಹಾಗೇ ಅನ್ನಿಸಿತು. ಕೈ ಹಿಡಿದು ನಾಡಿ ನೋಡಿದೆ. ಬಿಸಿಲು ಬಡಿದವರ ನಾಡಿ ಓಡುತ್ತಿರುತ್ತದೆ. ಇವರದು ನಿಮಿಷಕ್ಕೆ ನಲವತ್ತರ ಆಸುಪಾಸು, ಅದೂ ನಡುನಡುವೆ ತಪ್ಪುತ್ತಿತ್ತು. ಮೈ ಕಾದಿರಲಿಲ್ಲ. ನನ್ನ ಕೈ ಹಿಸುಕಿ ಅಂದೆ, ಬೆರಳು ಸುಮ್ಮನೆ ಮಿಸುಕಿದವು. ಈ ನಾಡಿಯನ್ನು ನಾನು ಡಯಾಲಿಸಿಸ್ ವಾರ್ಡಿನಲ್ಲಿ ಎಷ್ಟು ಸಲ ಹಿಡಿದಿದ್ದೇನೋ.

ಕಿವಿಯ ಹತ್ತಿರ ಬಗ್ಗಿ, ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಿದೆ. ಉತ್ತರ ಬರಲಿಲ್ಲ. ಮತ್ತೆ ಕೇಳಿದೆ, ಈ ಸಲ ಗದರಿಸಿಯೇ. ತೊದಲುತ್ತ ಹೇಳಿದರು: ಎರಡು ವರ್ಷದಿಂದ ಕಿಡ್ನಿ ಸರಿ ಇಲ್ಲ, ಬಿಪಿಗೊಂದು ಮಾತ್ರೆ ಇದೆ, ಎಳನೀರು ಮುಟ್ಟಬೇಡ ಅಂತ ಡಾಕ್ಟರು ಹೇಳಿದ್ದಾರೆ, ಯಾರಿಗೂ ಗೊತ್ತಿಲ್ಲ. ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ಸಂಕಟವಾಯಿತು. ಬೇಡ ಅನ್ನಕೂಡದು ಅಂತ ನಿಯಮ ಮಾಡಿದವರೇ ಅವರು. ಮಕ್ಕಳ ಮುಂದೆ ಬೇಡ ಅನ್ನುವುದು ಹೇಗೆ?

ಎಳನೀರಿನಲ್ಲಿ ಪೊಟ್ಯಾಶಿಯಂ ಎಂಬ ಲವಣ ಬೇಕಾದಷ್ಟಿದೆ. ಆರೋಗ್ಯವಂತರಿಗೆ ಅದು ಒಳ್ಳೆಯದೇ. ಹೆಚ್ಚಾದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸೋತ ಕಿಡ್ನಿಗೆ ಆ ಶಕ್ತಿ ಇರುವುದಿಲ್ಲ. ಬಿಪಿಯ ಕೆಲವು ಮಾತ್ರೆಗಳು ಆ ಲವಣವನ್ನು ಇನ್ನಷ್ಟು ಒಳಗೇ ಉಳಿಸುತ್ತವೆ. ಅದು ರಕ್ತದಲ್ಲಿ ಏರಿದರೆ ಮೊದಲು ಕೈಕಾಲು ಸೋಲುತ್ತವೆ, ಆಮೇಲೆ ಹೃದಯ. ಅದು ಹೇಳಿ ಕೇಳಿ ನಿಲ್ಲುವುದಿಲ್ಲ.

ನಾನು ತಲೆ ಎತ್ತುವಷ್ಟರಲ್ಲಿ ಗೌರಜ್ಜಿ ಎಲ್ಲಕ್ಕಿಂತ ಎಳೆಯ ಕಾಯಿ ಆರಿಸಿ, ಕೆತ್ತಿ, ಲೋಕೇಶರ ತಲೆ ಎತ್ತಿ ಹಿಡಿದು ತುಟಿಗೆ ಇಟ್ಟಾಗಿತ್ತು. ನಾನು ಕಾಯಿಯ ಬಾಯಿಗೆ ಅಂಗೈ ಅಡ್ಡ ಹಿಡಿದು ತಳ್ಳಿದೆ. ನೀರು ಅವಳ ಸೀರೆಯ ಮೇಲೆಲ್ಲ ಚೆಲ್ಲಿತು.

ಅಜ್ಜಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

"ನಮ್ಮ ಮರದ ಎಳನೀರಲ್ಲಿ ಏನೈತೆ ಅಂತ ಹಿಂಗೆ ತಳ್ದೆ ನರ್ಸಮ್ಮ? ಜ್ವರ ಬಂದೋರಿಗೂ ಇದೇ, ಸಾಯೋರ ಬಾಯಿಗೂ ಇದೇ ಬುಟ್ಟಿದೀವಿ ಕಣವ್ವ."

ಸುತ್ತ ನಿಂತ ಗಂಡಸರೂ ಗುರ್ ಅಂದರು. ಒಬ್ಬ ಗ್ಲೂಕೋಸ್ ಪುಡಿ ತಂದ, ಇನ್ನೊಬ್ಬ ನಿಂಬೆಹಣ್ಣು ಹಿಂಡತೊಡಗಿದ. ನನಗಿದ್ದ ಪೇಚು ಇದು: ಆ ಊರಲ್ಲಿ ಫೋನ್ ಸಿಗ್ನಲ್ ಇಲ್ಲ. ಹಿಂದಿನ ಬಂಡೆ ಹತ್ತಿದರೆ ಮಾತ್ರ ಸಿಗುತ್ತದೆ. ಆಂಬುಲೆನ್ಸನ್ನು ಯಾರು ಬೇಕಾದರೂ ಕರೆಯಬಹುದು; ಆದರೆ ಮುಂದೇನು ಅಂತ ನನ್ನ ಹಳೆಯ ವಿಭಾಗದ ಕಿಡ್ನಿ ಡಾಕ್ಟರನ್ನು ಕೇಳಿ, ತಾಲ್ಲೂಕು ಆಸ್ಪತ್ರೆಗೆ ಮೊದಲೇ ವಿಷಯ ಮುಟ್ಟಿಸಲು ನಾನೇ ಹೋಗಬೇಕು. ನಾನು ಅತ್ತ ತಿರುಗಿದರೆ ಇತ್ತ ಯಾರಾದರೂ ಕುಡಿಸೇ ಕುಡಿಸುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಕರುಣೆಯಿಂದಲೇ.

ಅಜ್ಜಿಯ ಒದ್ದೆ ಕೈ ಹಿಡಿದುಕೊಂಡೆ.

"ಅಜ್ಜಿ, ನಿಮ್ಮ ಎಳನೀರಲ್ಲಿ ಏನೂ ದೋಷ ಇಲ್ಲ. ಈ ಮನುಷ್ಯನ ಕಿಡ್ನಿಗೆ ಅದು ಆಗಲ್ಲ. ಇನ್ನೊಂದು ಗುಟುಕು ಹೋದ್ರೂ ಎದೆ ನಿಂತುಹೋಗಬಹುದು. ನಾನು ಫೋನ್ ಮಾಡಿ ಬರೋವರೆಗೂ ಇವರ ಬಾಯಿಗೆ ಏನೂ ಹೋಗಬಾರದು. ಈ ಊರಲ್ಲಿ ಜನ ನಿಮ್ಮ ಮಾತು ಬಿಟ್ರೆ ಇನ್ಯಾರ ಮಾತು ಕೇಳ್ತಾರೆ?"

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಯಲು ಹೊತ್ತಿರಲಿಲ್ಲ. ನಾಡಿ ಹಿಡಿದುಕೊಂಡಿರು, ನಿಂತರೆ ಕೂಗು ಅಂತ ಶಿಬಿರದ ಹುಡುಗಿಯೊಬ್ಬಳಿಗೆ ಹೇಳಿ ಬಂಡೆಯತ್ತ ಓಡಿದೆ. ಮಂಡಿನೋವು ಎಲ್ಲಿ ಹೋಯಿತೋ ಆ ದೇವರಿಗೇ ಗೊತ್ತು. ಡಾಕ್ಟರು ಎರಡನೇ ಸಲಕ್ಕೆ ಫೋನ್ ಎತ್ತಿದರು. ನಾಡಿ, ಮಾತ್ರೆ, ಎಳನೀರು ಮೂರೇ ಮಾತು ಹೇಳಿದೆ. ಆಂಬುಲೆನ್ಸಿನಲ್ಲೇ ನೆಬ್ಯುಲೈಸರ್ ಹಾಕಲಿ, ಅಂದರೆ ಉಸಿರಿನ ಮೂಲಕ ಕೊಡುವ ಔಷಧಿ, ಅದು ಪೊಟ್ಯಾಶಿಯಂ ಅನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತದೆ ಅಂದರು. ತಾಲ್ಲೂಕು ಆಸ್ಪತ್ರೆಯವರ ಹತ್ತಿರ ತಾವೇ ಮಾತಾಡುವುದಾಗಿ ಹೇಳಿದರು. ಆಂಬುಲೆನ್ಸಿಗೂ ಫೋನ್ ಮಾಡಿದೆ; ಅದು ಗುಡ್ಡ ಹತ್ತಲಾರದು, ಕೆಳಗೆ ಟಾರ್ ರಸ್ತೆಗೆ ಲೋಕೇಶರನ್ನು ನಾವೇ ತರಬೇಕು.

ಇಳಿದು ಬರುವಾಗ ಜೀವ ಬಾಯಿಗೆ ಬಂದಿತ್ತು. ಅಂಗಳಕ್ಕೆ ಬಂದು ನೋಡುತ್ತೇನೆ: ಗೌರಜ್ಜಿ ಲೋಕೇಶರ ತಲೆಯನ್ನು ತೊಡೆಯ ಪಕ್ಕ ಇರಿಸಿಕೊಂಡು ಕೂತಿದ್ದಾಳೆ, ತೊಡೆಯ ಮೇಲೆ ಮಚ್ಚು. ಗ್ಲೂಕೋಸಿನವನು, ಪಾನಕದವನು, ಮಜ್ಜಿಗೆ ಚೆಂಬು ಹಿಡಿದ ಹೆಂಗಸು, ಎಲ್ಲರೂ ಅಂಗಳದ ಅಂಚಿನಲ್ಲಿ ಸಾಲಾಗಿ ನಿಂತಿದ್ದಾರೆ. ಒಬ್ಬರಿಗೂ ಹತ್ತಿರ ಬರುವ ಧೈರ್ಯವಿಲ್ಲ. ಅಳುವುದೋ ನಗುವುದೋ ತಿಳಿಯಲಿಲ್ಲ.

"ಒಂದು ತೊಟ್ಟೂ ಬುಟ್ಟಿಲ್ಲ ಕಣವ್ವ," ಅಂದಳು.

ಅಜ್ಜಿಯ ಮಗ ಟ್ರ್ಯಾಕ್ಟರ್ ತಂದ. ಟ್ರೈಲರಿನಲ್ಲಿ ರಾಗಿಹುಲ್ಲು ದಪ್ಪಗೆ ಹಾಸಿ ಲೋಕೇಶರನ್ನು ಮಲಗಿಸಿದೆವು. ಗಾಡಿದಾರಿ, ಬರೀ ಕಲ್ಲು. ಪ್ರತಿ ಕುಲುಕಿಗೂ ನಾಡಿ ಕೈತಪ್ಪುತ್ತಿತ್ತು. ನಿಂತಿತೋ, ನನ್ನ ಬೆರಳು ಜಾರಿತೋ ಗೊತ್ತಾಗುತ್ತಿರಲಿಲ್ಲ. ನಿಲ್ಲಿಸು ಅನ್ನುವ ಹಾಗಿಲ್ಲ, ಜೋರಾಗಿ ಹೊಡಿ ಅನ್ನುವ ಹಾಗೂ ಇಲ್ಲ. ಅರ್ಧ ದಾರಿಯಲ್ಲಿ ಲೋಕೇಶ್ ಕಣ್ಣು ಬಿಟ್ಟು, ಸ್ಕೂಲಲ್ಲಿ ಹೇಳಬೇಡಿ ಸಿಸ್ಟರ್, ಗೊತ್ತಾದರೆ ಮಕ್ಕಳನ್ನು ನನ್ನ ಜೊತೆ ಕಳಿಸಲ್ಲ ಅಂದರು. ಮೈ ಉರಿದುಹೋಯಿತು. ಮೊದಲು ಬದುಕಿ ಮೇಷ್ಟ್ರೇ, ಗುಟ್ಟು ಆಮೇಲೆ ನೋಡೋಣ ಅಂದೆ. ಅಂದಮೇಲೆ ಕಣ್ಣಲ್ಲಿ ನೀರು ಬಂತು.

ಟಾರ್ ರಸ್ತೆಯಲ್ಲಿ ಆಂಬುಲೆನ್ಸ್ ನಿಂತಿತ್ತು. ನೆಬ್ಯುಲೈಸರ್ ಹಾಕಿಕೊಂಡೇ ಚಿಕ್ಕನಾಯಕನಹಳ್ಳಿ ತಲುಪಿದೆವು. ತಾಲ್ಲೂಕು ಆಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಿರಿಂಜಿಗೆ ಔಷಧಿ ತುಂಬಿಟ್ಟುಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಇಸಿಜಿಯಲ್ಲಿ ಅಲೆಗಳು ಗುಡಾರ ಹೊಡೆದ ಹಾಗೆ ಚೂಪಾಗಿ ಎದ್ದಿದ್ದವು, ಪೊಟ್ಯಾಶಿಯಂ ಏರಿದ್ದಕ್ಕೆ ಅದೇ ಗುರುತು. ಹೃದಯಕ್ಕೆ ರಕ್ಷಣೆ ಕೊಡುವ ಕ್ಯಾಲ್ಸಿಯಂ ಇಂಜೆಕ್ಷನ್ನನ್ನು ಡಾಕ್ಟರಮ್ಮ ನಿಧಾನವಾಗಿ ನರಕ್ಕೆ ಕೊಡುತ್ತ ಹೋದರು. ಮಾನಿಟರಿನ ಮೇಲೆ ಗುಡಾರ ತಗ್ಗಿತು, ನಾಡಿ ಒಂದೊಂದಾಗಿ ಏರಿತು. ರಕ್ತದ ವರದಿ ಬಂದಾಗ ಪೊಟ್ಯಾಶಿಯಂ ಏಳು ದಾಟಿತ್ತು, ಐದರ ಒಳಗಿರಬೇಕಾದದ್ದು. ಸಂಜೆಗೆ ತುಮಕೂರಿನಲ್ಲಿ ಡಯಾಲಿಸಿಸ್ ಆಯಿತು. ಮಾರನೆಯ ಬೆಳಗ್ಗೆ ಲೋಕೇಶ್ ನನ್ನ ಕೈಯನ್ನು ನೋಯುವ ಹಾಗೆ ಹಿಸುಕಿದರು.

ವಾರ್ಡಿನಲ್ಲಿದ್ದಾಗ ಪಥ್ಯ ಮೀರಿ ಬಂದ ರೋಗಿಗಳನ್ನು ನಾನು ಚೆನ್ನಾಗಿ ಬೈಯುತ್ತಿದ್ದೆ. ಬೇಡ ಅನ್ನೋಕೆ ಬಾಯಿರಲಿಲ್ಲವಾ ಅಂತ. ಬಾಯಿ ಎಲ್ಲರಿಗೂ ಇರುತ್ತದೆ. ಬೇಡ ಅಂದರೂ ಮುಖ ಕೆಡಿಸಿಕೊಳ್ಳದ ಮನೆ ಬೇಕು. ಇಷ್ಟು ತಿಳಿಯಲು ನನಗೆ ನಿವೃತ್ತಿ ಆಗಬೇಕಾಯಿತು.

ಮರುವರ್ಷ ಶಿಬಿರ ಮತ್ತೆ ಅದೇ ಗುಡ್ಡಕ್ಕೆ ಹೋಯಿತು. ಸ್ಕೂಲಿನಲ್ಲಿ ಲೋಕೇಶ್ ತಾವೇ ವಿಷಯ ಹೇಳಿದ್ದರು. ಮಕ್ಕಳನ್ನು ಅವರಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಡಾಕ್ಟರು ಒಪ್ಪಿದ್ದರಿಂದ ಲೋಕೇಶರೂ ಟ್ರ್ಯಾಕ್ಟರಿನಲ್ಲಿ ಕೂತು ಗುಡ್ಡದ ಮೇಲಕ್ಕೆ ಬಂದರು. ಗೌರಜ್ಜಿ ಅದೇ ಮಚ್ಚು ಹಿಡಿದು ಅಂಗಳದಲ್ಲಿದ್ದಳು. ಈ ಸಲ ಕಾಯಿ ಕೆತ್ತಿಟ್ಟಿರಲಿಲ್ಲ. ಒಬ್ಬೊಬ್ಬರನ್ನೂ ಹತ್ತಿರ ಕರೆದು ನಿಂಗೆ ಆಯ್ತದೇನಪ್ಪ, ನಿಂಗೆ ಆಯ್ತದೇನವ್ವ ಅಂತ ಕೇಳಿ, ಹೂಂ ಅಂದ ಮೇಲೇ ಕೆತ್ತುತ್ತಿದ್ದಳು. ಲೋಕೇಶರ ಸರದಿ ಬಂದಾಗ ಮಚ್ಚು ಕೆಳಗಿಟ್ಟು ಒಳಗೆ ಹೋಗಿ, ಅರ್ಧ ಲೋಟ ನೀರು, ಒಂದು ಚೂರು ಕಲ್ಲುಸಕ್ಕರೆ ತಂದಳು. ಅವರ ಕೈಗೆ ಕೊಡಲಿಲ್ಲ. ಮೊದಲು ನನ್ನ ಕಡೆ ತಿರುಗಿದಳು.

"ಇಷ್ಟನ್ನಾದ್ರೂ ಕೊಡಬೌದೇನವ್ವ?"